ಗೋಡೆಯಿಂದ ಕಿತ್ತ ನೋಟಿಸು

ಕೋಲ್ಕತ್ತದ ಸಾಲ್ಟ್ ಲೇಕ್‌ನ ನಮ್ಮ ಆಫೀಸಿನ ಗೋಡೆಯಿಂದ ಕಾರ್ಮಿಕರ ಹಕ್ಕುಗಳ ನೋಟಿಸುಗಳನ್ನು ಕಿತ್ತವಳು ನಾನೇ. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಅವು ಬಂಗಾಳಿಯಲ್ಲೂ ಹಿಂದಿಯಲ್ಲೂ ಇದ್ದವು. ಹೊಸ ಬಣ್ಣ ಬಳಿದ ಗೋಡೆ ಕೊಳಕಾಗಿ ಕಾಣುತ್ತದೆಂದು ಮ್ಯಾನೇಜರು ಎಲ್ಲವನ್ನೂ ಕಂಪನಿಯ ಪೋರ್ಟಲ್‌ಗೆ ಹಾಕಲು ಹೇಳಿದರು. ಎಚ್‌ಆರ್ ವಿಭಾಗದಲ್ಲಿದ್ದ ನಾನು ಮರುಮಾತಾಡದೆ ಸ್ಕ್ಯಾನ್ ಮಾಡಿ ಹಾಕಿದೆ.

ನಮ್ಮ ಮಹಡಿ ಗುಡಿಸಿ ಒರೆಸುತ್ತಿದ್ದ ಹೆಂಗಸು ಹೌರಾದಿಂದ ಬರುತ್ತಿದ್ದಳು. ಎಂಟು ತಿಂಗಳ ಬಸುರಿ. ದೊಡ್ಡ ನೀರಿನ ಕ್ಯಾನ್‌ಗಳನ್ನು ಎತ್ತಿಡುವುದೂ ಅವಳದೇ ಕೆಲಸ. ಒಂದು ಮಧ್ಯಾಹ್ನ ಪ್ಯಾಂಟ್ರಿಗೆ ಹೋದರೆ ಕ್ಯಾನ್ ಉರುಳಿಬಿದ್ದು ನೆಲವೆಲ್ಲ ನೀರು. ಅವಳು ಸೊಂಟ ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದಳು. ಗಾಬರಿಯಲ್ಲಿ ನಾನು ಅವಳನ್ನೇ ಗದರಿದೆ. ಬಸುರಿಯರು ಭಾರದ ಕೆಲಸ ಬೇಡವೆನ್ನಬಹುದು, ನೋಟಿಸಿನಲ್ಲೇ ಇದೆಯಲ್ಲ ಎಂದೆ.

"ದಿನಾ ನೆಲ ಒರೆಸುವಾಗ ಒಂದೊಂದು ಸಾಲು ಓದ್ತಿದ್ದೆ ದಿದಿ," ಅಂದಳು. "ಆ ಸಾಲಿಗೆ ಬರೋದರೊಳಗೆ ನೀವು ತೆಗೆದುಬಿಟ್ರಿ."

ಅವಳ ದನಿಯಲ್ಲಿ ದೂರೂ ಇರಲಿಲ್ಲ.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದವಳೇ ಮ್ಯಾನೇಜರ ಕೋಣೆಗೆ ಹೋದೆ. ನೋಟಿಸು ಪೋರ್ಟಲ್‌ನಲ್ಲಿದೆ, ಯಾರು ಬೇಕಾದರೂ ನೋಡಬಹುದು ಎಂದರು. ಅವಳಿಗೆ ಲಾಗಿನ್ನೇ ಇಲ್ಲವೆಂದೆ. ಅವಳು ಕಂಟ್ರಾಕ್ಟರನ ಕಡೆಯವಳು, ನಮ್ಮವಳಲ್ಲ ಎಂದರು, ಕಂಪ್ಯೂಟರಿನಿಂದ ಕಣ್ಣೂ ಎತ್ತದೆ. ನಮ್ಮ ಎಂಜಲು ಲೋಟ ತೊಳೆಯುವಾಗ ಮಾತ್ರ ಅವಳು ನಮ್ಮವಳು.

ಅಂದು ಸಂಜೆಯೇ ನೋಟಿಸುಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಅದೇ ಬೋರ್ಡಿಗೂ ಪ್ಯಾಂಟ್ರಿಯ ಬಾಗಿಲಿಗೂ ಅಂಟಿಸಿದೆ. ಮರುದಿನ ತೆಗೆಯಲು ಅಪ್ಪಣೆಯಾಯಿತು.

"ನಾನು ತೆಗೆಯೋದಿಲ್ಲ," ಎಂದೆ. "ಗೋಡೆಗೆ ಹಾಕಲೇಬೇಕು ಅಂತ ಕಾನೂನಿದೆ. ಬೇಕಾದರೆ ನೀವೇ ತೆಗೀರಿ. ಫೋಟೋ ಹಿಡಿದು ಲೇಬರ್ ಆಫೀಸಿಗೆ ಕಳಿಸ್ತೀನಿ."

ಅವರು ತೆಗೆಯಲಿಲ್ಲ. ಆದರೆ ಆಮೇಲೆ ಯಾವ ಮೀಟಿಂಗಿಗೂ ನನ್ನನ್ನು ಕರೆಯಲಿಲ್ಲ.

ದಿನ ತುಂಬುವ ಮೊದಲೇ ಅವಳಿಗೆ ಹೆರಿಗೆಯಾಯಿತು. ಹೆಣ್ಣುಮಗು, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಉಳಿದುಕೊಂಡಿತು. ಅಷ್ಟರಲ್ಲಿ ಕಂಟ್ರಾಕ್ಟರ್ ಅವಳ ಜಾಗಕ್ಕೆ ಬೇರೆಯವಳನ್ನು ತಂದಿದ್ದ. ನಾವಿಬ್ಬರೂ ಲೇಬರ್ ಆಫೀಸಿಗೆ ನಾಲ್ಕು ಸಲ ಅಲೆದೆವು. ಮಗುವನ್ನು ನಾನೆತ್ತಿಕೊಂಡರೆ ಅರ್ಜಿಗೆ ಅವಳು ಸಹಿ ಹಾಕುತ್ತಿದ್ದಳು. ಕೊನೆಗೆ ಅವಳನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ದೊಡ್ಡ ಉಪಕಾರ ಮಾಡಿದೆನೆಂದು ಆಫೀಸಿನಲ್ಲಿ ಕೆಲವರು ನನ್ನನ್ನು ಹೊಗಳಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.