ಅಕ್ಷರ ಅಳಿಯದ ಶಿವರಾಯಿ

ಇವತ್ತು ತಾಮ್ರದ ತಂಬಿಗೆ ತೊಳೆದ ಕೈಯ ವಾಸನೆಗೆ ಮಿರಜಿನ ನಮ್ಮ ಮನೆ ನೆನಪಾಯಿತು. ಆಗಿನ್ನೂ ಸಂಸ್ಥಾನದ ಕಾಲ. ಅಜ್ಜ ಒಂದು ಡಬ್ಬಿಯ ತುಂಬ ಶಿವರಾಯಿ ಎಂಬ ಹಳೆಯ ತಾಮ್ರದ ನಾಣ್ಯಗಳನ್ನು ಕೂಡಿಟ್ಟಿದ್ದರು. ಅವರ ಕಣ್ಣು ಮಂಜಾಗಿತ್ತು. ನಾನು ನೋಡಿ ದರ್ಜೆ ಹೇಳುತ್ತಿದ್ದೆ, ಅವರು ಹೆಬ್ಬೆರಳಿನಿಂದ ಸವರಿ ಒಪ್ಪುತ್ತಿದ್ದರು.

“ಮೊದಲಿಗೆ ಅಕ್ಷರ ಎಷ್ಟ ಉಳದಾವ ನೋಡವಾ, ಆಮ್ಯಾಲ ಅಂಚು. ತಿಕ್ಕಿ ತೊಳದದ್ದು ಎಷ್ಟ ಮಿಂಚಿದ್ರೂ ಕಡೀ ದರ್ಜೆದು,” ಎನ್ನುತ್ತಿದ್ದರು. ಅಕ್ಷರವೆಲ್ಲ ಪೂರ್ತಿ ಉಳಿದದ್ದು ಡಬ್ಬಿಯಲ್ಲಿ ಒಂದೇ ಒಂದಿತ್ತು. ಹುಣಸೆಬೀಜದ ಬಣ್ಣದ್ದು.

ಒಂದು ಮಧ್ಯಾಹ್ನ ಅಜ್ಜ ಮಲಗಿದ್ದಾಗ ಅಪ್ಪನ ತಮ್ಮ, ನಮ್ಮ ಕಾಕಾ, ಡಬ್ಬಿ ತಂದು ನನ್ನ ಮುಂದಿಟ್ಟರು.

“ನಿನಗ ಭಾಳ ತಿಳಿತೈತಂತ. ಎಲ್ಲಾಕಿಂತ ಚಲೋದು ಯಾವ್ದು, ತೋರಿಸು ನೋಡೂಣು.”

ನಾನು ಹೆಮ್ಮೆಯಿಂದ ಅದನ್ನೇ ಆರಿಸಿ ಅವರ ಕೈಗಿಟ್ಟೆ.

ಮರುದಿನ ಡಬ್ಬಿ ತಡಕಾಡಿದ ಅಜ್ಜನಿಗೆ ಅದು ಸಿಗಲಿಲ್ಲ. ಕಾಕಾ ನನ್ನ ಮುಖ ನೋಡದೆ, “ಹುಡುಗಿ ಆಡ್ತಾ ಆಡ್ತಾ ಕಳದಿರಬೇಕು,” ಎಂದರು.

“ನಾ ಕಳದಿಲ್ಲರಿ ಅಜ್ಜಾ, ಕಾಕಾಗ ಕೊಟ್ಟೇನಿ,” ಎಂದೆ.

“ಸುಳ್ಳ ಹೇಳಬ್ಯಾಡವಾ,” ಎಂದರು ಅಜ್ಜ, ಮೆಲ್ಲಗೆ. ಆಮೇಲೆ ಅವರು ನನ್ನನ್ನು ಡಬ್ಬಿಯ ಹತ್ತಿರ ಕರೆಯಲೇ ಇಲ್ಲ.

ಅದನ್ನು ತಾವೇ ಪುಣೆಯವರೊಬ್ಬರಿಗೆ ಮಾರಿದ್ದಾಗಿ ಕಾಕಾ ನಗುತ್ತಾ ಹೇಳಿದ್ದು ಅಜ್ಜ ತೀರಿಕೊಂಡ ಮೇಲೆ. ಎಲ್ಲರೂ ನಕ್ಕರು. ನಾನು ಎದ್ದು ಹಿತ್ತಲಿಗೆ ಹೋದೆ.

ಈಗ ನನಗೇ ಅಜ್ಜನಷ್ಟು ವಯಸ್ಸಾಗಿದೆ. ಕಾಕಾನ ಮೇಲಿನ ಸಿಟ್ಟು ಬಹಳಷ್ಟು ಇಳಿದಿದೆ. ಆದರೆ ನಾನು ನಿಜ ಹೇಳಿದ್ದೆನೆಂದು ಅಜ್ಜನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.