ಇಂಚಕ್ಕನ ಕಾಲಳತೆ

ಇಡೀ ಬೀದಿಗೆ ಅವಳು ಇಂಚಕ್ಕ. ಹೊಲಿಗೆ ಅಂಗಡಿಯವಳು, ಕೊರಳಲ್ಲಿ ಸದಾ ಟೇಪು. ಎದುರಾದವರ ಮುಖ ನೋಡುವ ಮೊದಲು ಭುಜ ನೋಡುತ್ತಾಳೆ. ಅವಳು ಹೊಲಿದ ಬಟ್ಟೆಯಲ್ಲಿ ಸುಕ್ಕು ಹುಡುಕಿ ತೋರಿಸಿದವರಿಲ್ಲ. ಹಾಗಂತ ಅವಳೇ ಹೇಳುತ್ತಾಳೆ.

ಐವತ್ತು ದಾಟಿದ ಮೇಲೆ ಅವಳಿಗೆ ಓಟದ ಹುಚ್ಚು ಹಿಡಿಯಿತು. ದಿನವಿಡೀ ಮಿಷನ್ ಮುಂದೆ ಬಾಗಿದ ಬೆನ್ನಿಗೆ ಬೆಳಗಿನ ಓಟ ಎಷ್ಟು ಹಿತವಾಯಿತೆಂದರೆ, ಮಳೆ ಬಂದು ಓಟ ತಪ್ಪಿದ ದಿನ ಮನೆಯಲ್ಲಿ ಯಾರೂ ಅವಳ ತಂಟೆಗೆ ಹೋಗುತ್ತಿರಲಿಲ್ಲ. ಊರಿನ ವರ್ಷದ ಓಟಕ್ಕೆ ಹೆಸರು ಕೊಟ್ಟಳು. ತಮ್ಮನೂ ಕೊಟ್ಟ.

"ಅಕ್ಕ, ನೀನು ಮುಗಿಸೋ ಹೊತ್ತಿಗೆ ನಾನು ಊಟ ಮಾಡಿ ಒಂದು ನಿದ್ದೆ ತೆಗೆದಿರ್ತೀನಿ."

"ನಿದ್ದೆ ನಿನಗೆ ಯಾವಾಗ ಬರಲಿಲ್ಲ ಹೇಳು."

ಅಷ್ಟರಲ್ಲಿ ಕಾಲು ಕೈಕೊಟ್ಟಿತು. ಹೆಬ್ಬೆರಳಿನ ಉಗುರು ಕಪ್ಪಾಯಿತು. ಅದಕ್ಕೆ ಪೆಟ್ಟಾಗದಿರಲೆಂದು ಪಾದ ಓರೆ ಮಾಡಿ ಓಡಿ ಮೊಣಕಾಲೂ ನೋಯತೊಡಗಿತು. ಮೂಳೆ ಡಾಕ್ಟರು ನೋಡಿ, "ಮೊದಲು ಶೂ ಬದಲಾಯಿಸಿ. ಇದೇ ಮೊಣಕಾಲು ಹಿಡ್ಕೊಂಡು ಇನ್ನೊಂದು ಸಲ ಬಂದ್ರೆ ಓಟ ಮರೆತುಬಿಡಿ" ಎಂದರು.

ನೋವು ಇಳಿದ ಮೇಲೆ ಒಂದು ಬೆಳಿಗ್ಗೆ ಸೊಸೆಯ ಜೊತೆ ಶೂ ಅಂಗಡಿಗೆ ಹೋದಳು. ಕುರ್ಚಿಯಲ್ಲಿ ಕೂತು ಬರಿಗಾಲಿನ ಅಳತೆಯನ್ನು ತಾನೇ ತೆಗೆದಳು. ಅಂಗಡಿಯವನು ಒಂದು ಸೈಜು ದೊಡ್ಡದು ತಂದ.

"ನಾನು ಕೇಳಿದ್ದು ಶೂ ಕಣಪ್ಪ, ಚೀಲ ಅಲ್ಲ" ಎಂದು ಅವನ ಬಾಯಿ ಮುಚ್ಚಿಸಿ, ಪಾದದ ಮೇಲೇ ಹೊಲಿದಂತೆ ಕೂರುವ ಜೊತೆಯೊಂದನ್ನು ಆರಿಸಿದಳು. ಹಳೆಯ ಜೊತೆಯನ್ನೂ ಹೀಗೇ ಅಳೆದು ತಂದದ್ದು ಅವಳಿಗೆ ನೆನಪಾಗಲಿಲ್ಲ.

ಅಂದು ಮಧ್ಯಾಹ್ನ ಬಸ್ ಕಂಡಕ್ಟರೊಬ್ಬಳು ಯೂನಿಫಾರ್ಮಿಗೆ ಅಳತೆ ಕೊಡಲು ಬಂದು, ಕೈ ಇಳಿಬಿಟ್ಟು ಗೊಂಬೆಯಂತೆ ನಿಂತಳು.

"ಹೀಗೇ ನಿಂತ್ಕೊಂಡು ಟಿಕೆಟ್ ಕೊಡ್ತೀಯೇನಮ್ಮ? ಕೈ ಎತ್ತು. ಕಂಬಿ ಹಿಡಿ. ಬಸ್ಸು ತಿರುಗ್ತಾ ಇದೆ, ಬಾಗು!" ಎಂದಳು ಇಂಚಕ್ಕ. ಕಂಡಕ್ಟರು ನಗುತ್ತಾ ಬಾಗಿದಳು. "ನೋಡು, ಬೆನ್ನು ಎಷ್ಟು ಅಗಲ ಆಯ್ತು! ಸುಮ್ಮನೆ ನಿಂತ ಮೈಗೆ ಹೊಲಿದ್ರೆ ಮೊದಲನೇ ತಿರುವಲ್ಲೇ ಕಂಕುಳು ಬಿಚ್ಕೊಳ್ಳುತ್ತೆ."

ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ಸೊಸೆ ಕಿಸಕ್ಕನೆ ನಕ್ಕಳು.

"ಯಾಕೇ ಹಲ್ಲು ಕಿಸೀತೀಯ?"

"ಏನಿಲ್ಲ ಅತ್ತೆ. ಶೂ ಅಳತೆ ಕೂತು ಕೊಟ್ಟು ಬಂದ್ರಲ್ಲ, ನೀವು ಓಡೋದೂ ಕುರ್ಚಿ ಮೇಲೇನಾ?"

ಇಂಚಕ್ಕ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮೇಜಿನ ಕೆಳಗಿದ್ದ ಹೊಸ ಶೂಗಳನ್ನು. ತಪ್ಪು ಒಪ್ಪಿಕೊಳ್ಳುವುದು ಅವಳ ಜಾಯಮಾನವಲ್ಲ. "ನಿನಗೆ ಕೆಲಸ ಕಡಿಮೆಯಾಗಿದೆ" ಎಂದಳು, ಅಷ್ಟೆ.

ಸಂಜೆ, ದಿನದ ದುಡಿಮೆಗೆ ಪಾದ ಊದಿಕೊಂಡಿರುವಾಗ, ಓಟದ ದಪ್ಪ ಕಾಲುಚೀಲ ಏರಿಸಿ, ಬೆಳಗಿನ ಶೂಗಳನ್ನು ಬದಲಾಯಿಸಲು ಸೊಸೆಯನ್ನೂ ಎಳೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದಳು. ಈ ಸಲ ಕೂರಲಿಲ್ಲ. ಒಂದೊಂದೇ ಜೊತೆ ಹಾಕಿ ಅಂಗಡಿಯ ಉದ್ದಕ್ಕೂ ಓಡಿದಳು. ಗಿರಾಕಿಗಳು ಗೋಡೆಗೆ ಒತ್ತಿಕೊಂಡರು. ದಿಂಬಿನಷ್ಟು ಮೆತ್ತಗಿದ್ದ ಕೆಂಪು ಜೊತೆಯಲ್ಲಿ ಪಾದ ಹೊಯ್ದಾಡಿತು. ಇನ್ನೊಂದರಲ್ಲಿ ಹಿಮ್ಮಡಿ ಜಾರಿತು. ಕೊನೆಗೆ ಒಪ್ಪಿಗೆಯಾದದ್ದು ಕೆಸರು ಬಣ್ಣದ್ದು, ನೋಡಲು ಏನೂ ಚೆಂದವಿಲ್ಲ. ಆದರೆ ಹಿಮ್ಮಡಿ ಬಿಗಿ. ಬೆರಳುಗಳ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ಜಾಗ.

"ಬೆಳಿಗ್ಗೆ ನಾನು ತಂದದ್ದೂ ಇದೇ ಅಲ್ವೇನಮ್ಮ?" ಎಂದ ಅಂಗಡಿಯವನು.

"ಬೆಳಿಗ್ಗೆ ಅದು ಚೀಲ ಆಗಿತ್ತು."

ವಾರಗಟ್ಟಲೆ ನಿಧಾನವಾಗಿ ಓಡಿ ಆ ಜೊತೆಯನ್ನು ಕಾಲಿಗೆ ಪಳಗಿಸಿದಳು. ಓಟದ ದಿನ ಅವಳ ತಮ್ಮ ಹಿಂದಿನ ಸಂಜೆಯಷ್ಟೇ ಕೊಂಡ ಮಿರಿಮಿರಿ ಮಿಂಚುವ ಶೂ ಹಾಕಿ ಬಂದು, ಅಕ್ಕನ ಕಾಲು ನೋಡಿ, "ಗದ್ದೆಗೆ ಹೊರಟೆಯಾ?" ಎಂದು ನಗುತ್ತಾ ಮುಂದೋಡಿದ. ಕೊನೆಯ ತಿರುವಿನಲ್ಲಿ ಅವನು ರಸ್ತೆಯಂಚಿಗೆ ಕೂತಿದ್ದ. ಒಂದು ಶೂ ಕೈಯಲ್ಲಿ, ಹಿಮ್ಮಡಿಯಲ್ಲಿ ಬೊಬ್ಬೆ.

"ಅಕ್ಕಾ, ಸ್ವಲ್ಪ ನಿಲ್ಲೇ!"

"ಒಂದು ನಿದ್ದೆ ತೆಗೀತಿರು, ಮುಗಿಸಿ ಬಂದೆ!"

ಮುಗಿಸಿದಳು. ಅವಳಿಗಿಂತ ಮೊದಲು ಬಂದವರು ಬಹಳ ಮಂದಿ. ಅವರನ್ನು ಎಣಿಸುವ ಗೋಜಿಗೆ ಅವಳು ಹೋಗಲಿಲ್ಲ. ಕೇಕೆ ಹಾಕುತ್ತಿದ್ದ ಸೊಸೆಯ ಭುಜ ಹಿಡಿದು ಅಲ್ಲೇ ಶೂ, ಕಾಲುಚೀಲ ಕಿತ್ತು ನೋಡಿದಳು. ಒಂದು ಉಗುರೂ ಕಪ್ಪಾಗಿರಲಿಲ್ಲ. ಮೊಣಕಾಲು ಮಡಿಸಿದಳು, ಚಾಚಿದಳು. ಅದು ಸೊಲ್ಲೆತ್ತಲಿಲ್ಲ. ಇಂಚಕ್ಕ ಜನರೆದುರೇ ಗಟ್ಟಿಯಾಗಿ ನಕ್ಕಳು.

ಆಮೇಲೆ ಸೊಸೆಯ ಚೀಲದಿಂದ ಟೇಪು ತೆಗೆದುಕೊಂಡು ತಮ್ಮನಿದ್ದಲ್ಲಿಗೆ ನಡೆದಳು. ಅವನು ಬಡಪಾಯಿಯಂತೆ ಕಾಲು ಮುಂದೆ ಚಾಚಿದ.

"ಊಹೂಂ, ಕೂತಲ್ಲ" ಎಂದಳು. "ಎದ್ದು ನಿಂತ್ಕೊ."