ಸ್ಟ್ರೆಚರ್ ಮೇಲೆ ಮಲಗಿ ಕೊಟ್ಟ ಮೂವತ್ತೊಂದು ಪಾರ್ಸೆಲ್

ಎಡಗಾಲು ಮುರಿದುಕೊಂಡು ಸರ್ಕಾರಿ ದವಾಖಾನೆಯ ಸ್ಟ್ರೆಚರ್ ಮೇಲೆ ಮಲಗಿದ್ದಾಗ ನಾನು ಮೂವತ್ತೊಂದು ಪಾರ್ಸೆಲ್ ಡೆಲಿವರಿ ಮಾಡಿದ್ದೇನೆ.

ನಾನು ಹೇಳುತ್ತಿರುವುದಲ್ಲ, ಡೆಲಿವರಿ ಆ್ಯಪಿನ ರೆಕಾರ್ಡ್ ಹೇಳುತ್ತಿದೆ. ಕೊನೆಯದು ಸಂಜೆ ಐದು ಐವತ್ತಕ್ಕೆ. ಅದಕ್ಕೆ ಐದು ಸ್ಟಾರ್ ಬೇರೆ ಬಂದಿದೆ.

ನಾಲ್ಕು ತಿಂಗಳ ಹಿಂದಿನ ಮಾತು. ನಾವು ದುಡಿಯಲು ಬಂದ ಈ ಪರರಾಜ್ಯದಲ್ಲಿ, ಪೋಂಡಾ ಹತ್ತಿರದ ಮಡ್ಕಯಿ ಇಂಡಸ್ಟ್ರಿಯಲ್ ಎಸ್ಟೇಟಿನ ತಿರುವು, ಬೆಳಿಗ್ಗೆ ಹನ್ನೊಂದು ನಲವತ್ತು. ರಾಂಗ್ ಸೈಡಿನಿಂದ ಒಂದು ಪಿಕಪ್ ಬಂತು, ಬ್ರೇಕ್ ಒತ್ತಿದೆ, ಬೈಕ್ ಸಮೇತ ಗಟಾರಕ್ಕೆ ಹೋದೆ. ಪಿಕಪ್ ನನ್ನನ್ನು ಮುಟ್ಟಲೂ ಇಲ್ಲ, ನಿಲ್ಲಲೂ ಇಲ್ಲ.

ಅವತ್ತು ಹೊರಟಾಗ ಐವತ್ತೆರಡು ಪಾರ್ಸೆಲ್. ಇಪ್ಪತ್ತೊಂದು ಕೊಟ್ಟಾಗಿತ್ತು. ಕಾಲು ಯಾವ ಕಡೆ ತಿರುಗಿದೆ ಎಂದು ನೋಡುವ ಮೊದಲೇ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿದ್ದೆ...

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ಪಾರ್ಸೆಲ್ ಎಲ್ಲಿ ಅದಾವು?" ಎಂದು ಕೇಳಿದ. ಕಾಲಿನ ವಿಚಾರ ಎರಡನೇ ಪ್ರಶ್ನೆಯಲ್ಲೂ ಬರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಪಾರ್ಸೆಲ್ ವಾಪಸ್ ಹೋದರೆ ರೇಟಿಂಗ್ ಬೀಳುತ್ತದೆ, ರೇಟಿಂಗ್ ಬಿದ್ದರೆ ರೂಟ್ ಇನ್ನೊಬ್ಬನ ಪಾಲಾಗುತ್ತದೆ. ಅದಕ್ಕೆ ಯಾರಿಗೆ ಜ್ವರ ಬಂದರೂ, ಯಾರು ಬಿದ್ದರೂ, ಅವನ ಫೋನ್ ಹಿಡಿದು ಮತ್ತೊಬ್ಬ ರೂಟ್ ಮುಗಿಸುತ್ತಾನೆ. ಮಾಡಬಾರದು ಎಂದು ಎಲ್ಲರಿಗೂ ಗೊತ್ತು. ನಾನೇ ಮೂರು ಜನರಿಗೆ ಮಾಡಿದ್ದೇನೆ.

ಹಿಂದೆಯೇ ಬರುತ್ತಿದ್ದ ಬಸು ಬೈಕ್ ನಿಲ್ಲಿಸಿ ಓಡಿಬಂದ. ವಿಜಯಪುರ ಕಡೆಯವನು, ಈ ಕೆಲಸಕ್ಕೆ ಹಚ್ಚಿದವನೇ ನಾನು. ಆಂಬುಲೆನ್ಸ್ ಬರುವಷ್ಟರಲ್ಲಿ ನನ್ನ ಫೋನು, ಪಾಸ್‌ವರ್ಡು, ಬ್ಯಾಗು ಎಲ್ಲ ಅವನ ಕೈಯಲ್ಲಿದ್ದವು.

"ಅಣ್ಣಾ, ನೀ ನಿನ್ನ ಕಾಲ ನೋಡ್ಕೋ. ಇವನ್ನ ನಾ ನೋಡ್ಕೋತೀನಿ."

"ಮೂರನೇ ಗೇಟಿನ ವಾಚ್‌ಮನ್ ಊಟಕ್ಕ ಹೋಗೂದ್ರೊಳಗ ಮುಟ್ಟಸೋ" ಎಂದೆ. ಎಲುಬು ಎರಡು ತುಂಡಾದವನ ಮಾತು ನೋಡಿ!

ಸಂಜೆ ಫೋನ್ ತಂದು ಕೊಟ್ಟು, "ಒಂದೂ ರಿಟರ್ನ್ ಇಲ್ಲಣ್ಣಾ" ಎಂದ. ನನಗೂ ಖುಷಿಯಾಯಿತು.

ಈಗ ಕಾಲೊಳಗೆ ರಾಡ್ ಇದೆ. ನಡೆಯುತ್ತೇನೆ. ಆದರೆ ಬೈಕಿನ ಗೇರ್ ಹಾಕುವ ಕಾಲು ಅದೇ, ಹಾಕುವುದಿಲ್ಲ ಎಂದು ಹಟ ಹಿಡಿದಿದೆ. ಪರಿಹಾರ ಸಿಕ್ಕರೆ ಇಲ್ಲೇ ಒಂದು ಸಣ್ಣ ಅಂಗಡಿ, ಸಿಗದಿದ್ದರೆ ಹೆಂಡತಿ ಮಕ್ಕಳ ಸಮೇತ ಊರಿನ ಬಸ್ಸು. ಇಷ್ಟೇ ನನ್ನ ಮುಂದಿರುವುದು.

ಪೋಂಡಾದಲ್ಲಿ ಧಾರವಾಡ ಕಡೆಯ ವಕೀಲರೊಬ್ಬರಿದ್ದಾರೆ, ಹೆಣ್ಣುಮಗಳು. ಅವರ ಬಳಿ ಹೋದೆ.

"ಎರಡ ದಾರಿ ಅದಾವ ನೋಡ್ರಿ ಹನಮಂತಪ್ಪ" ಎಂದರು. ಒಂದು, ಅಪಘಾತದ ಟ್ರಿಬ್ಯೂನಲ್‌ನಲ್ಲಿ ಆ ಪಿಕಪ್ ಮೇಲೆ ಕೇಸ್. ನಂಬರ್ ನೋಡಿದವರಿಲ್ಲ, ಆ ದಾರಿ ಅಲ್ಲೇ ನಿಂತಿತು. ಇನ್ನೊಂದು, ಕೆಲಸದಲ್ಲಿ ಪೆಟ್ಟಾಯಿತು ಎಂದು, ನಮ್ಮನ್ನು ದುಡಿಸುವ ಡೆಲಿವರಿ ಕಾಂಟ್ರಾಕ್ಟರ್ ಮೇಲೆ ಪರಿಹಾರದ ಅರ್ಜಿ. ಅದಕ್ಕೂ ಕಾಲಮಿತಿ ಇದೆ, ಕುಳಿತರೆ ಆಗದು.

ಅಲ್ಲಿ ಎರಡು ವಿಷಯ ತೋರಿಸಬೇಕು. ನಾನು ಅವರ ಕೆಲಸದವನು ಎನ್ನುವುದು, ಕೆಲಸ ಮಾಡುವಾಗಲೇ ಬಿದ್ದೆ ಎನ್ನುವುದು.

ಮೊದಲನೆಯದಕ್ಕೆ ನಾನು ತಯಾರಿದ್ದೆ. ಅವರ ಕಾಗದದಲ್ಲಿ ನಾನು ಕೆಲಸದವನಲ್ಲ, 'ಪಾರ್ಟ್‌ನರ್'. ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಸೂಪರ್‌ವೈಸರ್ ಹಾಕಿದ ಪ್ರತಿಯೊಂದು ಬೈಗುಳದ ಸ್ಕ್ರೀನ್‌ಶಾಟ್ ತಾರೀಖಿನ ಪ್ರಕಾರ ಇಟ್ಟಿದ್ದೇನೆ. 'ಏಳಕ್ಕೆ ಬರದವನಿಗೆ ರೂಟ್ ಇಲ್ಲ.' 'ರಜೆ ಕೇಳಿದವನು ಮನೆಯಲ್ಲೇ ಇರಲಿ.'

ವಕೀಲರು ನಕ್ಕರು. "ಪಾರ್ಟ್‌ನರ್‌ಗೆ ಹಿಂಗ ಯಾರೂ ಬೈಯೂದಿಲ್ಲರಿ. ಇದು ಚಲೋ ಆತು."

ಎರಡನೆಯದಕ್ಕೆ ಕಾಂಟ್ರಾಕ್ಟರ್ ಕಡೆಯಿಂದ ಉತ್ತರ ಬಂತು. ಅದೇ ಮೂವತ್ತೊಂದು ಡೆಲಿವರಿ, ಓಟಿಪಿ ಸಮೇತ. ಅವತ್ತು ಇವನು ಸಂಜೆಯವರೆಗೆ ಕೆಲಸ ಮಾಡಿದ್ದಾನೆ, ಕಾಲು ಆಮೇಲೆ ಎಲ್ಲೋ ಮುರಿದುಕೊಂಡಿದ್ದಾನೆ ಎಂದು. ಗಟಾರದಿಂದ ನಾನು ಮಾಡಿದ ಫೋನ್ ಬರೀ ಪಾರ್ಸೆಲ್ ವಿಚಾರಕ್ಕೆ ಎಂದು ಸೂಪರ್‌ವೈಸರ್ ಹೇಳಿದ್ದಾನಂತೆ.

ಪಾರ್ಸೆಲ್ ಹಂಚುವ ಹಬ್‌ಗೆ ಒಮ್ಮೆ ಹೋಗಿದ್ದಾಗ ಸೂಪರ್‌ವೈಸರ್ ಎಲ್ಲರೆದುರು ಹೇಳಿದ, "ಹನಮಂತಣ್ಣಾ, ಹೆಸರಿಗೆ ತಕ್ಕಂಗ ದವಾಖಾನಿಯಿಂದ ಹಾರಿ ಬಂದು ಪಾರ್ಸೆಲ್ ಕೊಟ್ಟಿಯೇನೋ?" ಎಲ್ಲರೂ ನಕ್ಕರು. ಬಸು ನಗಲಿಲ್ಲ.

ದವಾಖಾನೆಯ ಚೀಟಿಯಲ್ಲಿ ನನ್ನನ್ನು ತಂದ ಸಮಯ ಮಧ್ಯಾಹ್ನ ಹನ್ನೆರಡು ಹತ್ತು ಎಂದಿದೆ. ವಕೀಲರು ಎರಡೂ ಕಾಗದ ಪಕ್ಕಪಕ್ಕ ಇಟ್ಟರು. "ಇವೆರಡೂ ಜಗಳ ಆಡಾಕತ್ತಾವ್ರಿ. ಆ ಪಾರ್ಸೆಲ್ ಖರೇ ಯಾರ ಕೊಟ್ರು ಅನ್ನೂದಕ್ಕ ಪುರಾವೆ ಬೇಕು."

ಪುರಾವೆ ಎಂದರೆ ಬಸು. ಇನ್ನೊಬ್ಬರ ಐಡಿಯಲ್ಲಿ ಓಡಿಸಿದೆ ಎಂದು ಅವನು ಒಪ್ಪಿದ ದಿನವೇ ಅವನ ಐಡಿ ಬ್ಲಾಕ್, ಕೆಲಸವೂ ಹೋಯಿತು. ಮಗಳನ್ನು ಈ ವರ್ಷ ಶಾಲೆಗೆ ಸೇರಿಸಿದ್ದಾನೆ.

ಅವನನ್ನು ಕೇಳುವ ಬಾಯಿ ನನಗಿಲ್ಲ. ಅದಕ್ಕೆ ಮೊನ್ನೆ ಕೋಲು ಊರಿಕೊಂಡು ಮೂರನೇ ಗೇಟಿಗೆ ಹೋದೆ. ಅಂದು ಬಂದವನು ಹನಮಂತ ಅಲ್ಲ ಎಂದು ವಾಚ್‌ಮನ್ ಹೇಳಿದರೆ ಸಾಕು, ಬಸುವಿನ ಹೆಸರೇ ಬೇಡ ಎಂದುಕೊಂಡಿದ್ದೆ.

ವಾಚ್‌ಮನ್‌ಗೆ ನೆನಪಿರಲಿಲ್ಲ. ಗೇಟಿನ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟ.

ಸಮಯ ಹನ್ನೆರಡು ಇಪ್ಪತ್ತೈದು. ಬಸುವಿನ ಹೆಸರು, ಬಸುವಿನ ಬೈಕ್ ನಂಬರ್, ಬಸುವಿನ ಸಹಿ. 'ಬಂದ ಕಾರಣ' ಎನ್ನುವ ಕಡೆ, ಆ ಗೇಟಿನಲ್ಲಿ ಯಾರಿಗೂ ಓದಲು ಬಾರದ ಕನ್ನಡದಲ್ಲಿ, ಒತ್ತೊತ್ತಾಗಿ ಬರೆದಿದ್ದಾನೆ: 'ಹನಮಂತಣ್ಣನ ಬದಲಿ. ಅಣ್ಣನ ಕಾಲು ಮುರಿದಿದೆ.'

ನಾಲ್ಕು ತಿಂಗಳಲ್ಲಿ ನನ್ನ ಪರವಾಗಿ ಯಾರಾದರೂ ಬರೆದ ಒಂದೇ ಒಂದು ಖರೇ ಸಾಲು.

ಫೋಟೋ ತೆಗೆದುಕೊಂಡೆ. ಎರಡು ದಿನದಿಂದ ಫೋನಿನಲ್ಲೇ ಇದೆ.

ಇವತ್ತು ಬೆಳಿಗ್ಗೆ ಬಸು ರೂಟಿಗೆ ಹೋಗುವಾಗ ನಮ್ಮ ಬಾಗಿಲಲ್ಲಿ ಬೈಕ್ ನಿಲ್ಲಿಸಿ ಕೇಳಿದ, "ಕೇಸ್ ಎಲ್ಲೀತನಾ ಬಂತಣ್ಣಾ?"

"ನಡದೈತಿ. ನೀ ಹೋಗು, ಹೊತ್ತಾತು" ಎಂದೆ.

ಇದನ್ನು ಬರೆಯುವ ಹೊತ್ತಿಗೆ ವಕೀಲರ ಮೂರನೇ ಮಿಸ್ಡ್ ಕಾಲ್ ಬಂದಿದೆ... ನೀವಾಗಿದ್ದರೆ ಆ ಫೋಟೋ ಕಳಿಸುತ್ತಿದ್ದಿರಾ?